ಮರಿಯ ಸೊಂಟ ಪರೀಕ್ಷೆ: ಯಾವ ವಯಸ್ಸಿಗೆ ಯಾವುದು?

ಲ್ಯಾಬ್ರಡಾರ್ ಅಥವಾ ಜರ್ಮನ್ ಶೆಫರ್ಡ್ ಮರಿ ತಂದವರಿಗೆ ಒಂದು ಸಲಹೆ ಎಲ್ಲ ಕಡೆ ಸಿಗುತ್ತದೆ. "ಸೊಂಟದ ಎಕ್ಸ್‌ರೇನಾ? ಎರಡು ವರ್ಷ ತುಂಬಲಿ, ಆಮೇಲೆ ತೆಗೆಸಿ." ಈ ಮಾತು ಸುಳ್ಳೇನಲ್ಲ. ಆದರೆ ಇದು ಮರಿ ಹಾಕಿಸುವವರಿಗೆ ಹೇಳಿದ್ದು. ಮನೆಯಲ್ಲಿ ಸಾಕಲು ಒಂದೇ ಮರಿ ತಂದವರು ಇದನ್ನು ನಂಬಿ ಕೂತರೆ, ಏನಾದರೂ ಮಾಡಬಹುದಾಗಿದ್ದ ಕಾಲ ದಾಟಿಹೋಗಿರುತ್ತದೆ.

ಸೊಂಟದ ಕೀಲು ಸಡಿಲವಾಗಿ ಕ್ರಮೇಣ ಕೆಡುವ ತೊಂದರೆಗೆ ಹಿಪ್ ಡಿಸ್ಪ್ಲೇಸಿಯಾ ಅನ್ನುತ್ತಾರೆ. ಅದರ ಪತ್ತೆಗೆ ನಾಲ್ಕೈದು ದಾರಿಗಳಿವೆ. ವೈದ್ಯರು ಕೈಯಲ್ಲಿ ಮುಟ್ಟಿ ನೋಡುವುದು, ಮಾಮೂಲಿ ಎಕ್ಸ್‌ರೇ, ಕೀಲಿನ ಸಡಿಲವನ್ನು ಅಳೆಯುವ ಪೆನ್‌ಹಿಪ್ ಎಂಬ ಎಕ್ಸ್‌ರೇ, ಅಮೆರಿಕದ ಓಎಫ್‌ಎ ಮತ್ತು ಬ್ರಿಟನ್ನಿನ ಬಿವಿಎ ಥರದ ಸಂಸ್ಥೆಗಳ ಸರ್ಟಿಫಿಕೇಟ್‌ಗಳು, ಈಗೀಗ ಡಿಎನ್‌ಎ ಪರೀಕ್ಷೆ. ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಮರಿಗೆ ಈಗ ಎಷ್ಟು ವಾರ? ಫಲಿತಾಂಶ ಬಂದ ಮೇಲೆ ನೀವು ಏನು ಮಾಡುತ್ತೀರಿ? ಇವೆರಡಕ್ಕೆ ಉತ್ತರ ಸಿಕ್ಕರೆ ಪರೀಕ್ಷೆಯ ಆಯ್ಕೆ ಹೆಚ್ಚುಕಡಿಮೆ ತಾನಾಗಿಯೇ ಆಗುತ್ತದೆ.

ಸಡಿಲ ಮೊದಲು, ಆಕಾರ ಆಮೇಲೆ

ಸೊಂಟದ ಕೀಲಿನಲ್ಲಿ ಎರಡು ಭಾಗ. ತೊಡೆಮೂಳೆಯ ತುದಿಯಲ್ಲಿ ಒಂದು ಗುಂಡು, ಅದು ಕೂರಲು ಸೊಂಟದ ಮೂಳೆಯಲ್ಲಿ ಒಂದು ಗುಳಿ. ಹಿಪ್ ಡಿಸ್ಪ್ಲೇಸಿಯಾ ಇರುವ ನಾಯಿಯಲ್ಲಿ ಈ ಗುಂಡು ಗುಳಿಯೊಳಗೆ ಬಿಗಿಯಾಗಿ ಕೂರುವುದಿಲ್ಲ.

ತುಂಬಾ ಜನ ಇದನ್ನು ಹುಟ್ಟಿನಿಂದ ಬಂದ ಊನ ಅಂದುಕೊಳ್ಳುತ್ತಾರೆ. ಹಾಗಲ್ಲ. ಹುಟ್ಟಿದಾಗ ಮರಿಯ ಸೊಂಟ ಸರಿಯಾಗೇ ಇರುತ್ತದೆ. ಕೀಲು ಸಡಿಲವಾಗುವುದು ಆಮೇಲಿನ ವಾರಗಳಲ್ಲಿ, ಮೂಳೆ ಇನ್ನೂ ಮೆತ್ತಗಿರುವಾಗ. ಗುಂಡು ತನ್ನ ಜಾಗದಲ್ಲೇ ಒತ್ತುತ್ತಿದ್ದರೆ ಗುಳಿ ಅದರ ಸುತ್ತ ಆಳವಾಗಿ ಬೆಳೆಯುತ್ತದೆ. ಹೆಜ್ಜೆಹೆಜ್ಜೆಗೂ ಹೊರಗೆ ಜಾರಿ ಅಂಚನ್ನು ತಿಕ್ಕುತ್ತಿದ್ದರೆ, ಬಟ್ಟಲಿನಂತೆ ಇರಬೇಕಾದ ಗುಳಿ ತಟ್ಟೆಯಂತೆ ಚಪ್ಪಟೆಯಾಗುತ್ತದೆ. ಅಂಚು ಸವೆಯುತ್ತದೆ, ಗುಂಡಿನ ಆಕಾರ ಕೆಡುತ್ತದೆ, ಕೊನೆಗೆ ಸಂಧಿವಾತ ಶುರುವಾಗುತ್ತದೆ.

ಅಂದರೆ ಸಡಿಲ ಕಾರಣ, ಕೆಟ್ಟ ಆಕಾರ ಅದರ ಫಲ. ಎಲ್ಲ ಪರೀಕ್ಷೆಗಳೂ ಈ ಎರಡರಲ್ಲಿ ಒಂದನ್ನು ನೋಡುತ್ತವೆ. ಸಡಿಲವನ್ನು ಅಳೆಯುವ ಪರೀಕ್ಷೆ ನಾಲ್ಕನೇ ತಿಂಗಳಿಗೇ ಉತ್ತರ ಕೊಡುತ್ತದೆ. ಆಕಾರವನ್ನು ನೋಡುವ ಪರೀಕ್ಷೆಗೆ ಆಕಾರ ಕೆಡುವ ತನಕ ಕಾಯಬೇಕು. 1935ರಲ್ಲಿ ಅಮೆರಿಕದ ಷ್ನೆಲ್ ಎಂಬ ಪಶುವೈದ್ಯರು ನಾಯಿಗಳಲ್ಲಿ ಈ ತೊಂದರೆಯನ್ನು ಮೊದಲು ಬರೆದಿಟ್ಟರು. ಅಲ್ಲಿಂದ ಹಲವು ದಶಕ ಎಲ್ಲರೂ ನೋಡುತ್ತಿದ್ದದ್ದು ಆಕಾರವನ್ನೇ. ಎರಡು ವರ್ಷ ಕಾಯಬೇಕು ಎಂಬ ಮಾತು ಬಂದದ್ದು ಹೀಗೆ.

ಇನ್ನೊಂದು ಮೋಸವೂ ಇದೆ. ಐದರಿಂದ ಹತ್ತು ತಿಂಗಳ ನಡುವೆ ಕುಂಟುತ್ತಿದ್ದ ಮರಿ ಒಂದು ವರ್ಷ ದಾಟಿದ ಮೇಲೆ ಸುಧಾರಿಸಿದಂತೆ ಕಾಣುತ್ತದೆ. ಕೀಲಿನ ಸುತ್ತಲಿನ ಚೀಲ ದಪ್ಪವಾಗುತ್ತದೆ, ಸ್ನಾಯು ಬಲಿಯುತ್ತದೆ, ನೋವು ಕಡಿಮೆಯಾಗುತ್ತದೆ. "ಬೆಳೀತಾ ಬೆಳೀತಾ ಸರಿಹೋಯ್ತು" ಅಂತ ಮನೆಯವರು ಖುಷಿಯಾಗುತ್ತಾರೆ. ಒಳಗೆ ಸವೆತ ಮಾತ್ರ ನಡೆಯುತ್ತಲೇ ಇರುತ್ತದೆ. ಕೆಲವು ವರ್ಷ ಬಿಟ್ಟು ನೋವು ಮತ್ತೆ ಬಂದಾಗ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿಬಿಡುತ್ತಾರೆ.

ಯಾವ ನಾಯಿಗೆ ಇದು ಬೇಕು?

ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್, ಸೇಂಟ್ ಬರ್ನಾರ್ಡ್. ನಮ್ಮ ಊರುಗಳಲ್ಲಿ ಸಾಕುವ ದೊಡ್ಡ ನಾಯಿಗಳಲ್ಲಿ ಮುಖ್ಯವಾಗಿ ಇವು. ಆಶ್ಚರ್ಯ ಅಂದರೆ ಅಮೆರಿಕದ ಓಎಫ್‌ಎ ಪಟ್ಟಿಯಲ್ಲಿ ತೀರಾ ಮೇಲಿರುವುದು ಬುಲ್‌ಡಾಗ್ ಮತ್ತು ಪಗ್. ಪಗ್ ಹಗುರ ಇರುವುದರಿಂದ ತೊಂದರೆ ಅಷ್ಟಾಗಿ ಹೊರಗೆ ಕಾಣುವುದಿಲ್ಲ, ಅಷ್ಟೇ.

ಗ್ರೇಹೌಂಡ್ ಥರದ ಓಟದ ನಾಯಿಗಳಲ್ಲಿ ಇದು ತುಂಬಾ ಅಪರೂಪ. ಮುಧೋಳದ ಮೈಕಟ್ಟೂ ಅದೇ ಬಗೆಯದು. ಮುಧೋಳ ಮರಿ ತಂದವರು ಆರಂಭದ ಸೊಂಟ ಪರೀಕ್ಷೆಗೆ ದುಡ್ಡು ಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ಕುಂಟು ಕಂಡರೆ ತೋರಿಸಿದರೆ ಸಾಕು.

ತಂದೆ-ತಾಯಿ ಚೆನ್ನಾಗಿವೆ ಅಂದ ಮಾತ್ರಕ್ಕೆ ಮರಿಯೂ ಚೆನ್ನಾಗಿರಬೇಕೆಂದಿಲ್ಲ. ಇದಕ್ಕೆ ಒಂದೇ ಜೀನ್ ಕಾರಣವಲ್ಲ, ಹಲವು ಸೇರಿ ಕೆಲಸ ಮಾಡುತ್ತವೆ. ಅದರ ಮೇಲೆ ಊಟ, ತೂಕ, ಓಡಾಟ. ಒಂದೇ ಸೂಲಿನ ಎರಡು ಮರಿಗಳ ಸೊಂಟ ಬೇರೆಬೇರೆಯಾಗಿರಬಹುದು. ಡಿಎನ್‌ಎ ಪರೀಕ್ಷೆಯ ಮಾತನ್ನು ಇಲ್ಲೇ ಮುಗಿಸುತ್ತೇನೆ. ಕೆನ್ನೆಯೊಳಗೆ ಹತ್ತಿ ಸವರಿ ಕಳಿಸಿದರೆ ಮರಿಯ ಕೀಲು ಎಷ್ಟು ಸಡಿಲ ಅಂತ ಅದು ಹೇಳಲಾರದು. ಮನೆಯ ಮರಿಯ ಸೊಂಟದ ವಿಷಯಕ್ಕೆ ಆ ದುಡ್ಡು ದಂಡ.

ಮನೆಯಲ್ಲೇ ನೋಡಿ ತಿಳಿಯಬಹುದಾ?

ಸ್ವಲ್ಪ ಮಟ್ಟಿಗೆ. ಓಡುವಾಗ ಹಿಂದಿನ ಎರಡೂ ಕಾಲು ಒಟ್ಟಿಗೆ ಇಟ್ಟು ಮೊಲ ಕುಪ್ಪಳಿಸಿದ ಹಾಗೆ ಓಡುತ್ತದಾ? ಮಲಗಿದ್ದು ಏಳುವಾಗ ತಡವರಿಸುತ್ತದಾ? ಹಿಂದಿನಿಂದ ನೋಡಿದರೆ ಸೊಂಟ ಜಾಸ್ತಿ ಓಲಾಡುತ್ತದಾ? ಮೆಟ್ಟಿಲು, ಕಾರು ಹತ್ತಲು ಹಿಂಜರಿಯುತ್ತದಾ? ಫೋನಿನಲ್ಲಿ ಹಿಂದಿನಿಂದ ಮತ್ತು ಪಕ್ಕದಿಂದ ಒಂದೊಂದು ವಿಡಿಯೋ ತೆಗೆದಿಟ್ಟುಕೊಳ್ಳಿ. ಆಸ್ಪತ್ರೆಗೆ ಹೋದಾಗ ಮರಿ ಗಾಬರಿಯಲ್ಲಿ ನೋವು ಮರೆತು ಚೆನ್ನಾಗೇ ನಡೆದುಬಿಡುತ್ತದೆ. ಆಗ ವಿಡಿಯೋ ಕೆಲಸಕ್ಕೆ ಬರುತ್ತದೆ.

ಆದರೆ ಕೀಲು ಸಡಿಲ ಇರುವ ಎಷ್ಟೋ ಮರಿಗಳು ನಾಲ್ಕು ತಿಂಗಳಿನಲ್ಲಿ ಏನೂ ಆಗದವರ ಹಾಗೆ ಓಡಾಡಿಕೊಂಡಿರುತ್ತವೆ. ಕುಂಟು ಇಲ್ಲ, ಹಾಗಾಗಿ ಸೊಂಟ ಸರಿಯಿದೆ ಅನ್ನುವ ತರ್ಕ ಇಲ್ಲಿ ನಡೆಯುವುದಿಲ್ಲ. ಕುಂಟುವ ಮರಿಗೆಲ್ಲ ಸೊಂಟದ್ದೇ ತೊಂದರೆ ಅಂತಲೂ ಇಲ್ಲ. ಮಂಡಿಚಿಪ್ಪು ಜಾರುವುದು, ಬೆಳೆಯುವ ಮೂಳೆಯ ನೋವು, ಮಂಡಿಯ ಲಿಗಮೆಂಟ್ ಹರಿಯುವುದು ಕೂಡ ಹಿಂಗಾಲಿನಲ್ಲೇ ಕಾಣುತ್ತವೆ.

ಕೈ ಪರೀಕ್ಷೆ: ಅಗ್ಗ, ಆದರೆ ಮಂಪರು ಬೇಕು

ಇದರ ಹೆಸರು ಆರ್ಟೊಲಾನಿ ಪರೀಕ್ಷೆ. ಆರ್ಟೊಲಾನಿ ಇಟಲಿಯ ಮಕ್ಕಳ ವೈದ್ಯರು. ಹಸುಗೂಸಿನ ಸೊಂಟ ಜಾರಿದೆಯಾ ಅಂತ ನೋಡಲು ಅವರು ಬಳಸಿದ ವಿಧಾನ ಆಮೇಲೆ ನಾಯಿಮರಿಗೂ ಬಂತು. ಮರಿಯನ್ನು ಪಕ್ಕಕ್ಕೆ ಅಥವಾ ಬೆನ್ನ ಮೇಲೆ ಮಲಗಿಸಿ ವೈದ್ಯರು ಮಂಡಿ ಹಿಡಿದು ತೊಡೆಮೂಳೆಯನ್ನು ಸೊಂಟದ ಕಡೆಗೆ ಒತ್ತುತ್ತಾರೆ. ಕೀಲು ಸಡಿಲ ಇದ್ದರೆ ಗುಂಡು ಗುಳಿಯಿಂದ ಸ್ವಲ್ಪ ಹೊರಜಾರುತ್ತದೆ. ಆಮೇಲೆ ಕಾಲನ್ನು ನಿಧಾನಕ್ಕೆ ಹೊರಗೆ ಅಗಲಿಸಿದಾಗ ಅದು ಕಟಕ್ ಅಂತ ಒಳಗೆ ಬೀಳುತ್ತದೆ. ಆ ಕಟಕ್ ವೈದ್ಯರ ಕೈಗೆ ಗೊತ್ತಾಗುತ್ತದೆ, ಎಷ್ಟೋ ಸಲ ಪಕ್ಕದಲ್ಲಿ ನಿಂತವರಿಗೂ ಕೇಳಿಸುತ್ತದೆ. ಯಾವ ಕೋನದಲ್ಲಿ ಜಾರಿತು, ಯಾವ ಕೋನದಲ್ಲಿ ಒಳಗೆ ಬಿತ್ತು ಅನ್ನುವುದನ್ನು ಅಳೆದು ಬರೆದುಕೊಂಡರೆ ಗುಳಿಯ ಅಂಚು ಎಷ್ಟು ಗಟ್ಟಿಯಿದೆ ಅಂತಲೂ ಅಂದಾಜು ಸಿಗುತ್ತದೆ.

ಮಶೀನು ಬೇಡ, ಫಿಲ್ಮ್ ಬೇಡ. ಹಾಗಾಗಿ ಖರ್ಚು ಕಡಿಮೆ. ಆದರೆ ಎಚ್ಚರದಲ್ಲಿರುವ ಮರಿ ಕಾಲು ಬಿಗಿ ಹಿಡಿಯುತ್ತದೆ. ಸ್ನಾಯು ಬಿಗಿಯಾದರೆ ಸಡಿಲ ಕೈಗೆ ಸಿಗುವುದಿಲ್ಲ. ಲಸಿಕೆ ಹಾಕಿಸಲು ಹೋದಾಗ ಟೇಬಲ್ ಮೇಲೆ ಹಾಗೇ ಒಂದು ಸಲ ಕಾಲು ಎಳೆದು "ಸರಿ ಇದೆ" ಅಂದರೆ ಅದನ್ನು ಪರೀಕ್ಷೆ ಅಂತ ಎಣಿಸಬೇಡಿ. ಮಂಪರು ಕೊಟ್ಟೇ ಮಾಡಬೇಕು.

ವೈದ್ಯರ ಕೈ ಎಷ್ಟು ಪಳಗಿದೆ ಅನ್ನುವುದೂ ಮುಖ್ಯ. ತಿಂಗಳಿಗೆ ಹತ್ತಾರು ಮರಿಗಳ ಸೊಂಟ ನೋಡುವ ಮೂಳೆ ತಜ್ಞರಿಗೂ ವರ್ಷಕ್ಕೊಮ್ಮೆ ನೋಡುವವರಿಗೂ ಅಂತರವಿದೆ.

ವಯಸ್ಸಿನ ಮಿತಿ ಎರಡೂ ಕಡೆ ಇದೆ. ಎಂಟು ಹತ್ತು ವಾರದಲ್ಲಿ ಮಾಡಿದರೆ ಫಲಿತಾಂಶ ಅಷ್ಟು ನಂಬಿಕೆಗೆ ತಕ್ಕದ್ದಲ್ಲ. ನಾಲ್ಕು ತಿಂಗಳ ಹೊತ್ತಿಗೆ ಮಾಡಿದರೆ ತೂಕವಿದೆ. ಬೆಳೆದ ನಾಯಿಯಲ್ಲಿ ಕಟಕ್ ಕೇಳಿಸಲಿಲ್ಲ ಅಂದರೆ ಸೊಂಟ ಸರಿಯಿದೆ ಅಂತ ಅರ್ಥ ಮಾಡಿಕೊಳ್ಳುವ ಹಾಗಿಲ್ಲ. ಅಂಚು ಪೂರ್ತಿ ಸವೆದು ಚೀಲ ದಪ್ಪವಾಗಿದ್ದರೂ ಕಟಕ್ ಇರುವುದಿಲ್ಲ. ಮರಿಯಲ್ಲೂ ಕಟಕ್ ಬಂದರೆ ಸಡಿಲ ಇದೆ ಅಂತ ಖಚಿತ. ಬರದಿದ್ದರೆ ಅಪಾಯ ಕಡಿಮೆ ಅನ್ನಬಹುದು, ಇಲ್ಲವೇ ಇಲ್ಲ ಅನ್ನಲಾಗದು.

ಮಾಮೂಲಿ ಎಕ್ಸ್‌ರೇ: ಮರಿಗೆ ತೀರಾ ಬೇಗ, ದೊಡ್ಡದಕ್ಕೆ ಸರಿ

ಹತ್ತಿರದ ಪೆಟ್ ಕ್ಲಿನಿಕ್‌ನಲ್ಲಿ ಸಿಗುವುದು ಇದೇ. ನಾಯಿಯನ್ನು ಅಂಗಾತ ಮಲಗಿಸಿ, ಹಿಂದಿನ ಎರಡೂ ಕಾಲು ನೇರವಾಗಿ ಹಿಂದಕ್ಕೆ ಎಳೆದು, ಮಂಡಿ ಸ್ವಲ್ಪ ಒಳಕ್ಕೆ ತಿರುಗಿಸಿ ತೆಗೆಯುವ ಚಿತ್ರ.

ಒಂದೂವರೆ ವರ್ಷದ ನಾಯಿಗೆ ಈ ಚಿತ್ರ ತುಂಬಾ ಉಪಯೋಗಿ. ಗುಳಿಯ ಆಳ, ಅಂಚಿನ ಸವೆತ, ಸಂಧಿವಾತದ ಗುರುತು ಎಲ್ಲವೂ ಕಾಣುತ್ತವೆ. ನಾಲ್ಕು ತಿಂಗಳ ಮರಿಗೆ ಮಾತ್ರ ಇದು ಹಲವು ಸಲ ಸುಳ್ಳು ಸಮಾಧಾನ ಕೊಡುತ್ತದೆ. ಆ ವಯಸ್ಸಿನಲ್ಲಿ ಆಕಾರ ಇನ್ನೂ ಕೆಟ್ಟಿರುವುದಿಲ್ಲ, ಅದು ಒಂದು ಕಾರಣ. ಎರಡನೆಯದು ಸ್ವಾರಸ್ಯದ್ದು. ಕಾಲನ್ನು ಹಿಂದಕ್ಕೆ ಎಳೆದು ತಿರುಗಿಸಿದಾಗ ಕೀಲಿನ ಸುತ್ತಲಿನ ಚೀಲ ಹುರಿಗೊಂಡು ಗುಂಡನ್ನು ತಾನೇ ಒಳಕ್ಕೆ ಒತ್ತುತ್ತದೆ. ನೋಡಬೇಕಾದ ಸಡಿಲವನ್ನು ಆ ಭಂಗಿಯೇ ಮುಚ್ಚಿಡುತ್ತದೆ. ನಾಯಿ ಯಾವತ್ತೂ ಹಾಗೆ ಕಾಲು ಚಾಚಿ ನಿಲ್ಲುವುದೂ ಇಲ್ಲ.

ಹಾಗಂತ ಮರಿಯಲ್ಲಿ ಇದು ಪೂರ್ತಿ ವ್ಯರ್ಥವಲ್ಲ. ನಾಲ್ಕೈದು ತಿಂಗಳಿಗೇ ಗುಂಡು ಅರ್ಧ ಹೊರಗೆ ಬಂದಿರುವಷ್ಟು ತೀವ್ರವಾಗಿದ್ದರೆ ಇದರಲ್ಲೇ ಕಂಡುಬಿಡುತ್ತದೆ. ಕೆಟ್ಟದ್ದು ಕಂಡರೆ ನಂಬಿ, ಒಳ್ಳೆಯದು ಕಂಡರೆ ಪೂರ್ತಿ ನಂಬಬೇಡಿ.

ಫಿಲ್ಮ್ ಕೈಗೆ ಬಂದಾಗ ನೀವೇ ನೋಡಬಹುದಾದ ಕೆಲವು ಸಂಗತಿ ಇವೆ. ಸೊಂಟದ ಮೂಳೆಯಲ್ಲಿ ಎಡ ಬಲ ಎರಡು ತೂತು ಕಾಣುತ್ತವೆ. ಎರಡೂ ಒಂದೇ ಅಳತೆಯಲ್ಲಿರಬೇಕು. ತೊಡೆಮೂಳೆಗಳು ಒಂದಕ್ಕೊಂದು ಸಮಾನಾಂತರವಾಗಿರಬೇಕು. ಮಂಡಿಚಿಪ್ಪು ಮೂಳೆಯ ಮಧ್ಯಕ್ಕೆ ಕಾಣಬೇಕು. ಒಂದು ತೂತು ದೊಡ್ಡದು ಒಂದು ಚಿಕ್ಕದು ಇದ್ದರೆ ನಾಯಿ ಓರೆಯಾಗಿ ಮಲಗಿತ್ತು ಅಂತ ಅರ್ಥ. ಆಗ ಒಂದು ಕಡೆಯ ಸೊಂಟ ಇರುವುದಕ್ಕಿಂತ ಚೆನ್ನಾಗಿಯೂ ಇನ್ನೊಂದು ಇರುವುದಕ್ಕಿಂತ ಕೆಟ್ಟದಾಗಿಯೂ ಕಾಣುತ್ತದೆ. ಮಂಪರಿಲ್ಲದೆ ನಾಲ್ಕು ಜನ ಹಿಡಿದುಕೊಂಡು ತೆಗೆದ ಫಿಲ್ಮ್‌ಗಳು ಬಹುಪಾಲು ಹೀಗೇ ಆಗುವುದು. ಅಂಥದ್ದನ್ನು ಇಟ್ಟುಕೊಂಡು ಯಾವ ನಿರ್ಧಾರವನ್ನೂ ಮಾಡಬೇಡಿ, ಮತ್ತೆ ತೆಗೆಸಿ.

ವರದಿಯಲ್ಲಿ ನಾರ್‌ಬರ್ಗ್ ಕೋನ ಅಂತ ಒಂದು ಅಂಕಿ ಬರಬಹುದು. ಗುಂಡು ಗುಳಿಯೊಳಗೆ ಎಷ್ಟು ಕೂತಿದೆ ಅನ್ನುವ ಅಳತೆ ಅದು. 105 ಡಿಗ್ರಿ ಅಥವಾ ಮೇಲಿದ್ದರೆ ಒಳ್ಳೆಯದು ಅನ್ನುವುದು ಸಾಮಾನ್ಯ ಲೆಕ್ಕ.

ಪೆನ್‌ಹಿಪ್: ಮರಿಗೆ ಅಂತಲೇ ಮಾಡಿದ್ದು

ಮಾಮೂಲಿ ಎಕ್ಸ್‌ರೇಯ ಆ ಕೊರತೆಯನ್ನು ಕಂಡೇ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗೇಲ್ ಸ್ಮಿತ್ ಎಂಬ ಪಶುವೈದ್ಯರು 1980ರ ದಶಕದಲ್ಲಿ ಈ ವಿಧಾನ ಕಟ್ಟಿದರು. 16 ವಾರ ತುಂಬಿದ ಮರಿಗೆ ಮಾಡಬಹುದು.

ಮರಿಗೆ ಗಾಢ ಮಂಪರು ಅಥವಾ ಅರಿವಳಿಕೆ ಕೊಟ್ಟು ಮೂರು ಚಿತ್ರ ತೆಗೆಯುತ್ತಾರೆ. ಒಂದು ಕಾಲು ಚಾಚಿದ ಮಾಮೂಲಿ ಚಿತ್ರ. ಇನ್ನೊಂದು, ನಿಂತ ಭಂಗಿಗೆ ಹತ್ತಿರವಾಗಿ ಕಾಲಿಟ್ಟು ಗುಂಡನ್ನು ಒಳಕ್ಕೆ ಒತ್ತಿ ತೆಗೆದದ್ದು. ಮೂರನೆಯದು ಮುಖ್ಯವಾದದ್ದು. ತೊಡೆಗಳ ನಡುವೆ ಒಂದು ಸಲಕರಣೆ ಇಟ್ಟು, ಅದರ ಆಧಾರದಲ್ಲಿ ಗುಂಡನ್ನು ಹೊರಕ್ಕೆ ಎಳೆದು ತೆಗೆದದ್ದು. ಹೊರಗೆ ಬಂದ ದೂರವನ್ನು ಗುಂಡಿನ ತ್ರಿಜ್ಯದಿಂದ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಅದೇ ಡಿಸ್ಟ್ರ್ಯಾಕ್ಷನ್ ಇಂಡೆಕ್ಸ್, ಚಿಕ್ಕದಾಗಿ ಡಿಐ. ಸೊನ್ನೆ ಅಂದರೆ ಗುಂಡು ಅಲುಗಲೇ ಇಲ್ಲ. 0.5 ಅಂದರೆ ತನ್ನ ತ್ರಿಜ್ಯದ ಅರ್ಧದಷ್ಟು ಹೊರಗೆ ಬಂತು. 0.3ಕ್ಕಿಂತ ಕಡಿಮೆ ಇರುವ ನಾಯಿಗೆ ಮುಂದೆ ಸೊಂಟದ ಸಂಧಿವಾತ ಬರುವುದು ಅಪರೂಪ. ಅಂಕಿ ಏರಿದಂತೆ ಅಪಾಯ ಏರುತ್ತದೆ. 0.7 ದಾಟಿದರೆ ಗಂಭೀರ. ಒಂದೇ ಅಂಕಿ ಬಂದರೂ ಎಲ್ಲ ಜಾತಿಗೂ ಒಂದೇ ಅಪಾಯ ಅಂತಿಲ್ಲ. ಅದೇ ಅಂಕಿಯ ಲ್ಯಾಬ್‌ಗಿಂತ ಜರ್ಮನ್ ಶೆಫರ್ಡ್‌ಗೆ ಅಪಾಯ ಜಾಸ್ತಿ. ಅದೇ ಜಾತಿಯ ಬೇರೆ ನಾಯಿಗಳ ನಡುವೆ ನಿಮ್ಮದು ಎಲ್ಲಿ ನಿಲ್ಲುತ್ತದೆ ಅಂತಲೂ ವರದಿ ಹೇಳುತ್ತದೆ.

ಈ ವಿಧಾನದ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದ ವೈದ್ಯರು ಮಾತ್ರ ಇದನ್ನು ಮಾಡಬಹುದು. ಫಿಲ್ಮ್ ಹೇಗೇ ಬರಲಿ, ಅಳತೆಗಾಗಿ ಪೆನ್‌ಹಿಪ್‌ನವರಿಗೆ ಕಳಿಸಲೇಬೇಕು. ಕೆಟ್ಟದ್ದನ್ನು ಮೇಜಿನೊಳಗೆ ಇಟ್ಟು ಒಳ್ಳೆಯದನ್ನಷ್ಟೇ ಕಳಿಸುವ ದಾರಿ ಇಲ್ಲ. ನನಗೆ ಈ ನಿಯಮವೇ ಪೆನ್‌ಹಿಪ್‌ನಲ್ಲಿ ತುಂಬಾ ಇಷ್ಟವಾದದ್ದು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಸುಲಭ, ಹತ್ತಿರದ ಊರಲ್ಲೇ ಸಿಗುತ್ತದೆ. ಕರ್ನಾಟಕದಲ್ಲಿ ಇರುವವರು ಮರಿ ಎರಡೂವರೆ ತಿಂಗಳಿರುವಾಗಲೇ ಫೋನ್ ಮಾಡಿ ವಿಚಾರಿಸಲು ಶುರು ಮಾಡಿ. "ಎಕ್ಸ್‌ರೇ ತೆಗೀತೀರಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. "ಪೆನ್‌ಹಿಪ್ ಸರ್ಟಿಫಿಕೇಟ್ ಇರುವ ಡಾಕ್ಟರ್ ಇದಾರಾ, ಡಿಸ್ಟ್ರ್ಯಾಕ್ಷನ್ ಫಿಲ್ಮ್ ತೆಗೀತಾರಾ?" ಅಂತಲೇ ಕೇಳಿ. ಸಿಗದಿದ್ದರೆ ಮಂಪರಿನಲ್ಲಿ ಮಾಡುವ ಆರ್ಟೊಲಾನಿ ಪರೀಕ್ಷೆಗೆ ಬನ್ನಿ. ಅದು ಕೂಡ ಸಡಿಲವನ್ನೇ ನೋಡುತ್ತದೆ.

ಓಎಫ್‌ಎ, ಬಿವಿಎ, ಎಫ್‌ಸಿಐ: ಇವು ಮರಿ ಹಾಕಿಸುವವರ ಕಾಗದ

ಓಎಫ್‌ಎ ಅಮೆರಿಕದ ಸಂಸ್ಥೆ, 1966ರಲ್ಲಿ ಶುರುವಾದದ್ದು. ಮಾಮೂಲಿ ಭಂಗಿಯ ಎಕ್ಸ್‌ರೇಯನ್ನು ಮೂವರು ರೇಡಿಯಾಲಜಿಸ್ಟ್‌ಗಳು ಬೇರೆಬೇರೆಯಾಗಿ ನೋಡುತ್ತಾರೆ. ಎಕ್ಸಲೆಂಟ್, ಗುಡ್, ಫೇರ್ ಅಂದರೆ ಪಾಸು. ಬಾರ್ಡರ್‌ಲೈನ್ ಮಧ್ಯದ್ದು. ಮೈಲ್ಡ್, ಮಾಡರೇಟ್, ಸಿವಿಯರ್ ಅಂದರೆ ಡಿಸ್ಪ್ಲೇಸಿಯಾ. ಖಾಯಂ ನಂಬರ್ ಸಿಗಲು ನಾಯಿಗೆ 24 ತಿಂಗಳು ತುಂಬಿರಬೇಕು. ನಾಲ್ಕು ತಿಂಗಳ ಮೇಲೆ ತಾತ್ಕಾಲಿಕ ಅಭಿಪ್ರಾಯ ಕೇಳಬಹುದು, ಆದರೆ ಅದು ತಾತ್ಕಾಲಿಕವೇ. ಬೇರೆ ದೇಶದವರೂ ಡಿಜಿಟಲ್ ಫಿಲ್ಮ್ ಕಳಿಸಬಹುದು.

ಬ್ರಿಟನ್ನಿನ ಬಿವಿಎ ಪದ್ಧತಿಯಲ್ಲಿ ಅಂಕ ಕೊಡುತ್ತಾರೆ. ಒಂದೊಂದು ಸೊಂಟಕ್ಕೆ ಒಂಬತ್ತು ಅಂಶ ನೋಡಿ 0ಯಿಂದ 53. ಎರಡೂ ಸೇರಿದರೆ 106. ಇಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಪರೀಕ್ಷೆಯ ಅಂಕಪಟ್ಟಿ ನೋಡಿ ರೂಢಿಯಾದ ನಮಗೆ ಇದು ಉಲ್ಟಾ ಅನ್ನಿಸಬಹುದು! ನಾಯಿಗೆ ಒಂದು ವರ್ಷ ತುಂಬಿರಬೇಕು. ಎಫ್‌ಸಿಐ ಅನ್ನುವುದು ಹಲವು ದೇಶಗಳ ಕೆನಲ್ ಕ್ಲಬ್‌ಗಳ ಒಕ್ಕೂಟ. ಅದರ ಪದ್ಧತಿಯಲ್ಲಿ ಎ, ಬಿ, ಸಿ, ಡಿ, ಇ ಅಂತ ದರ್ಜೆ. ಎ ಚೆನ್ನಾಗಿದೆ, ಇ ತೀರಾ ಕೆಟ್ಟದು. ಜರ್ಮನಿಯಿಂದ ತಂದ ಶೆಫರ್ಡ್‌ಗಳ ಕಾಗದದಲ್ಲಿ ನಾರ್ಮಲ್, ಫಾಸ್ಟ್ ನಾರ್ಮಲ್, ನೋಖ್ ತ್ಸುಗೆಲಾಸನ್ ಅಂತ ಇರುತ್ತದೆ. ಕ್ರಮವಾಗಿ ಸರಿಯಿದೆ, ಹೆಚ್ಚುಕಡಿಮೆ ಸರಿಯಿದೆ, ಇಷ್ಟರ ತನಕ ಒಪ್ಪಬಹುದು ಅಂತ.

ಮೂರೂ ನೋಡುವುದು ಆಕಾರವನ್ನೇ. ಪೆನ್‌ಹಿಪ್ ಗುಂಪಿನವರು 2010ರಲ್ಲಿ 439 ನಾಯಿಗಳ ಅಧ್ಯಯನ ಪ್ರಕಟಿಸಿದರು. ಓಎಫ್‌ಎ ಅಳತೆಯಲ್ಲಿ ಪಾಸಾದ ನಾಯಿಗಳಲ್ಲಿ 80 ಪ್ರತಿಶತದ ಡಿಐ 0.3 ಅಥವಾ ಮೇಲಿತ್ತು. ಎಕ್ಸಲೆಂಟ್ ಅನ್ನಿಸಿಕೊಂಡವುಗಳಲ್ಲೇ ಅರ್ಧಕ್ಕಿಂತ ಜಾಸ್ತಿ ಹಾಗಿದ್ದವು. ಬರೆದವರು ಪೆನ್‌ಹಿಪ್‌ನವರೇ ಅನ್ನುವುದನ್ನು ನೆನಪಿಟ್ಟುಕೊಂಡು ಓದಬೇಕು. 0.3 ದಾಟಿದ ಎಲ್ಲ ನಾಯಿಗೂ ತೊಂದರೆ ಬಂದೇ ಬರುತ್ತದೆ ಅಂತಲೂ ಅದರರ್ಥವಲ್ಲ. ಆದರೂ ಪಾಸು ಅಂದರೆ ಬಿಗಿಯಾದ ಸೊಂಟ ಅಂತ ತಿಳಿಯಬಾರದು ಅನ್ನುವುದಕ್ಕೆ ಇಷ್ಟು ಸಾಕು.

ಹಾಗಾದರೆ ಇವು ಬೇಡವಾ? ಮರಿ ಹಾಕಿಸುವವರಿಗೆ ಬೇಕೇ ಬೇಕು. ತಲೆಮಾರುಗಳ ಲೆಕ್ಕ ಸಿಗುವುದು ಇವುಗಳಲ್ಲೇ. ಮನೆಯ ನಾಯಿಗೆ ಎರಡು ವರ್ಷಕ್ಕೆ ಓಎಫ್‌ಎ ನಂಬರ್ ತೆಗೆಸಿ ಗೋಡೆಗೆ ಹಾಕುವುದರಿಂದ ಮಾತ್ರ ನಾಯಿಗೆ ಏನೂ ಸಿಗುವುದಿಲ್ಲ.

ಕಂಡುಹಿಡಿದ ಮೇಲೆ?

ಇಲ್ಲಿ ವಾರಗಳ ಲೆಕ್ಕ ಬರುತ್ತದೆ. ಬೇಗ ನೋಡಬೇಕು ಅನ್ನುವುದಕ್ಕೆ ಕಾರಣವೇ ಇದು.

12ರಿಂದ 20 ವಾರದೊಳಗಿನ ಮರಿಗೆ ಜೆಪಿಎಸ್ ಅನ್ನುವ ಚಿಕ್ಕ ಶಸ್ತ್ರಚಿಕಿತ್ಸೆ ಇದೆ. ಸೊಂಟದ ಮೂಳೆ ಕೆಳಗೆ ಕೂಡುವ ಜಾಗದಲ್ಲಿ ಬೆಳೆಯುವ ಮೃದ್ವಸ್ಥಿಯನ್ನು ಕರೆಂಟಿನ ಬಿಸಿಯಿಂದ ಸುಡುತ್ತಾರೆ. ಅಲ್ಲಿ ಬೆಳವಣಿಗೆ ನಿಲ್ಲುತ್ತದೆ, ಮಿಕ್ಕ ಭಾಗ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಗುಳಿ ನಿಧಾನಕ್ಕೆ ವಾಲಿ ಗುಂಡನ್ನು ಮೇಲಿನಿಂದ ಮುಚ್ಚುತ್ತದೆ. ಮಾಡಿಸಿದ ಸಂಜೆಯೇ ಮರಿ ನಡೆಯುತ್ತದೆ. ಬೆಳವಣಿಗೆಯನ್ನೇ ನಂಬಿರುವ ಚಿಕಿತ್ಸೆ ಇದು, ಆದ್ದರಿಂದ ಐದು ತಿಂಗಳು ದಾಟಿದರೆ ಲಾಭವಿಲ್ಲ. ಮಾಡಿಸಿದ ನಾಯಿಗೆ ಸಂತಾನಹರಣ ಕಡ್ಡಾಯವಾಗಿ ಮಾಡಿಸಬೇಕು. ಇಲ್ಲದಿದ್ದರೆ ನೋಡಲು ಚೆನ್ನಾಗಿರುವ ಸೊಂಟದ ಹಿಂದೆ ಕೆಟ್ಟ ಜೀನ್ ಅಡಗಿ ಮರಿಗಳಿಗೆ ಹೋಗುತ್ತದೆ.

ಐದರಿಂದ ಹತ್ತು ತಿಂಗಳ ತನಕ, ಸಂಧಿವಾತ ಶುರುವಾಗಿರದಿದ್ದರೆ, ಸೊಂಟದ ಮೂಳೆಯನ್ನು ಕತ್ತರಿಸಿ ತಿರುಗಿಸಿ ಪ್ಲೇಟ್ ಹಾಕುವ ದೊಡ್ಡ ಶಸ್ತ್ರಚಿಕಿತ್ಸೆ ಇದೆ. ಡಿಪಿಒ, ಟಿಪಿಒ ಅನ್ನುತ್ತಾರೆ. ಖರ್ಚು, ನೋವು, ವಿಶ್ರಾಂತಿ ಎಲ್ಲವೂ ಜಾಸ್ತಿ. ಅದೂ ದಾಟಿದರೆ ಉಳಿಯುವುದು ನೋವಿನ ಔಷಧಿ, ತೂಕದ ನಿಯಂತ್ರಣ, ಗುಂಡನ್ನೇ ತೆಗೆದುಹಾಕುವುದು, ಇಲ್ಲವೇ ಕೃತಕ ಕೀಲು.

ಶಸ್ತ್ರಚಿಕಿತ್ಸೆ ಎಲ್ಲ ಊರಿನಲ್ಲೂ ಆಗುವುದಿಲ್ಲ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಮೊದಲು ಅಭಿಪ್ರಾಯ ಕೇಳುವುದು ಒಳ್ಳೆಯ ಆರಂಭ.

ಶಸ್ತ್ರಚಿಕಿತ್ಸೆ ಮಾಡಿಸುವುದೇ ಇಲ್ಲ ಅಂತ ತೀರ್ಮಾನಿಸಿದವರಿಗೂ ಬೇಗ ಗೊತ್ತಾಗುವುದು ಲಾಭವೇ. ಪ್ಯೂರಿನಾ ಕಂಪನಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವ ತನಕ ಗಮನಿಸಿತು. ಒಂದೇ ಸೂಲಿನ ಮರಿಗಳನ್ನು ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ 25 ಪ್ರತಿಶತ ಕಡಿಮೆ ಊಟ ಹಾಕಿದರು. ಎರಡು ವರ್ಷದ ಹೊತ್ತಿಗೆ ಜಾಸ್ತಿ ತಿಂದ 24 ನಾಯಿಗಳಲ್ಲಿ 16ಕ್ಕೆ ಹಿಪ್ ಡಿಸ್ಪ್ಲೇಸಿಯಾ ಇತ್ತು. ಕಡಿಮೆ ತಿಂದ 24ರಲ್ಲಿ 7ಕ್ಕೆ ಮಾತ್ರ. ಕಡಿಮೆ ತಿಂದವು ಸುಮಾರು 1.8 ವರ್ಷ ಜಾಸ್ತಿ ಬದುಕಿದವು. ಉಪವಾಸ ಕೆಡವಿ ಅಂತ ಯಾರೂ ಹೇಳುತ್ತಿಲ್ಲ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಾಡಿಸಿದರೆ ಸಲೀಸಾಗಿ ಸಿಗಬೇಕು, ಅಷ್ಟೇ. ನಮ್ಮಲ್ಲಿ ಲ್ಯಾಬ್ ಮರಿ ಗುಂಡುಗುಂಡಗಿದ್ದರೆ "ಎಷ್ಟು ಚೆನ್ನಾಗಿ ಸಾಕಿದೀರಿ" ಅಂತ ಹೊಗಳುತ್ತಾರಲ್ಲ, ಆ ಹೊಗಳಿಕೆಯ ಭಾರವನ್ನು ಹೊರುವುದು ಮರಿಯ ಸೊಂಟ.

ಕ್ಯಾಲ್ಸಿಯಂ ಸಿರಪ್ ವಿಷಯವನ್ನೂ ಹೇಳಲೇಬೇಕು. ದೊಡ್ಡ ಜಾತಿಯ ಮರಿಗೆ ಮೂಳೆ ಗಟ್ಟಿಯಾಗಲಿ ಅಂತ ದಿನಾ ಚಮಚ ಚಮಚ ಹಾಕುವ ರೂಢಿ ಇದೆ. ದೊಡ್ಡ ಜಾತಿಯ ಮರಿಗಳಿಗೆಂದೇ ಮಾಡಿದ ಆಹಾರ ತಿನ್ನುವ ಮರಿಗೆ ಅದು ಬೇಡ. ಚಿಕ್ಕ ಮರಿಯ ದೇಹ ಜಾಸ್ತಿಯಾದ ಕ್ಯಾಲ್ಸಿಯಂ ಅನ್ನು ತಡೆಯಲಾರದು, ಮೂಳೆಯ ಬೆಳವಣಿಗೆಯೇ ಏರುಪೇರಾಗುತ್ತದೆ. ಮನೆ ಊಟ ಹಾಕುವವರು ಎಷ್ಟು ಬೇಕು ಅಂತ ವೈದ್ಯರಲ್ಲಿ ಕೇಳಿಯೇ ಹಾಕಿ.

ಮೆಟ್ಟಿಲು, ನೆಲ. ನಾರ್ವೆಯಲ್ಲಿ ನಾಲ್ಕು ದೊಡ್ಡ ಜಾತಿಗಳ ಮರಿಗಳನ್ನು ಗಮನಿಸಿದಾಗ, ಮೊದಲ ಮೂರು ತಿಂಗಳಲ್ಲಿ ಮೆಟ್ಟಿಲು ಹತ್ತಿ ಇಳಿದ ಮರಿಗಳಿಗೆ ಅಪಾಯ ಜಾಸ್ತಿ ಇತ್ತು. ಮೆತ್ತನೆಯ ಏರುತಗ್ಗಿನ ನೆಲದಲ್ಲಿ ಹಗ್ಗವಿಲ್ಲದೆ ಓಡಾಡಿದವಕ್ಕೆ ಕಡಿಮೆ. ಲಿಫ್ಟ್ ಇಲ್ಲದ ಅಪಾರ್ಟ್‌ಮೆಂಟಿನವರು ಮರಿಯನ್ನು ಎತ್ತಿಕೊಂಡೇ ಇಳಿಸಿ. ನುಣುಪಾದ ಟೈಲ್ಸ್, ಗ್ರಾನೈಟ್ ಮೇಲೆ ಮರಿ ಓಡುವ ದಾರಿಯಲ್ಲಿ ರಬ್ಬರ್ ಚಾಪೆಯೋ ಹಳೇ ಜಮಖಾನವೋ ಹಾಸಿ.

ಯಾರಿಗೆ ಯಾವುದು

ಮನೆಯಲ್ಲಿ ಸಾಕಲು ಲ್ಯಾಬ್, ಗೋಲ್ಡನ್, ಶೆಫರ್ಡ್, ರಾಟ್‌ವೀಲರ್ ಮರಿ ತಂದಿದ್ದೀರಾ? 16ನೇ ವಾರಕ್ಕೆ ಪೆನ್‌ಹಿಪ್ ಸಿಕ್ಕರೆ ಅದನ್ನೇ ಮಾಡಿಸಿ. ಸಿಗದಿದ್ದರೆ ಅದೇ ವಾರ ಮಂಪರು ಕೊಟ್ಟು ಆರ್ಟೊಲಾನಿ, ಅದೇ ಮಂಪರಿನಲ್ಲಿ ಒಂದು ಮಾಮೂಲಿ ಎಕ್ಸ್‌ರೇ. ಒಂದನ್ನೇ ಮಾಡಿಸುವಷ್ಟು ದುಡ್ಡಿದ್ದರೆ ಎಕ್ಸ್‌ರೇ ಬಿಟ್ಟು ಕೈ ಪರೀಕ್ಷೆ ಇಟ್ಟುಕೊಳ್ಳಿ. ಮರಿ ನೋಡಲು ಚೆನ್ನಾಗೇ ಇದೆ, ಸುಮ್ನೆ ಮಂಪರು ಯಾಕೆ ಅಂತ ಮನೆಯಲ್ಲಿ ಹಿರಿಯರು ಕೇಳಿಯೇ ಕೇಳುತ್ತಾರೆ. ಮಂಪರಿಗೆ ತನ್ನದೇ ಅಪಾಯ ಇದೆ, ಸುಳ್ಳಲ್ಲ. ಆರೋಗ್ಯವಾಗಿರುವ ಮರಿಯಲ್ಲಿ ಆ ಅಪಾಯ ಚಿಕ್ಕದು. ಎಷ್ಟು ಹೊತ್ತಿನಿಂದ ಊಟ ಕೊಡಬಾರದು ಅಂತ ಕೇಳಿ ತಿಳಿದು ಹಾಗೇ ಪಾಲಿಸಿ.

ಆರು ತಿಂಗಳ ಮರಿ ಕುಂಟುತ್ತಿದೆಯಾ? ಸರ್ಟಿಫಿಕೇಟ್ ಮಾತು ಬಿಡಿ. ಮಂಪರಿನಲ್ಲಿ ಕೈ ಪರೀಕ್ಷೆ, ಎಕ್ಸ್‌ರೇ ಎರಡೂ ಮಾಡಿಸಿ ಮೂಳೆ ತಜ್ಞರಿಗೆ ತೋರಿಸಿ. ಡಿಪಿಒ ಕಿಟಕಿ ಇನ್ನೂ ತೆರೆದಿರಬಹುದು, ತಿಂಗಳು ಕಾದರೆ ಮುಚ್ಚಬಹುದು.

ಸಂತಾನಹರಣದ ಹೊತ್ತಿಗೆ ಅದೇ ಅರಿವಳಿಕೆಯಲ್ಲಿ ಎಕ್ಸ್‌ರೇ ತೆಗೆಸಿದರೆ ಖರ್ಚು ಉಳಿಯುತ್ತದೆ ಅನ್ನುವುದು ಒಳ್ಳೆಯ ಉಪಾಯ. ಆದರೆ ಅದಕ್ಕಾಗಿ ಸಂತಾನಹರಣವನ್ನೇ ನಾಲ್ಕು ತಿಂಗಳಿಗೆ ಹಿಂದಕ್ಕೆ ತರಬೇಡಿ. 2013ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಿಂದ ಬಂದ ಗೋಲ್ಡನ್ ರಿಟ್ರೀವರ್ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಸಂತಾನಹರಣ ಆದ ಗಂಡುಗಳಲ್ಲಿ ಹಿಪ್ ಡಿಸ್ಪ್ಲೇಸಿಯಾ 10 ಪ್ರತಿಶತ ಇತ್ತು. ಆಗದ ಗಂಡುಗಳಿಗಿಂತ ಎರಡು ಪಟ್ಟು.

ಮರಿ ಕೊಳ್ಳಲು ಹೊರಟವರು ತಂದೆ-ತಾಯಿ ಎರಡರದ್ದೂ ಸೊಂಟದ ವರದಿ ಕೇಳಿ. "ಕೆಸಿಐ ಪೇಪರ್ ಇದೆ ಸಾರ್" ಅನ್ನುವ ಉತ್ತರ ಸಾಮಾನ್ಯವಾಗಿ ಬರುತ್ತದೆ. ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ಆ ಕಾಗದ ವಂಶಾವಳಿಯನ್ನು ಹೇಳುತ್ತದೆ, ಅದು ಸೊಂಟದ ಪ್ರಮಾಣಪತ್ರವಲ್ಲ. ಎಕ್ಸ್‌ರೇ ಫಿಲ್ಮ್ ತೋರಿಸಿದರೆ ಅದರ ಮೇಲೆ ತಾರೀಖು, ನಾಯಿಯ ಮೈಕ್ರೋಚಿಪ್ ನಂಬರ್ ಇದೆಯಾ ನೋಡಿ. ನಂಬರ್ ಇಲ್ಲದ ಫಿಲ್ಮ್ ಯಾವ ನಾಯಿಯದ್ದೂ ಆಗಿರಬಹುದು, ಅಲ್ವಾ?

ಮರಿ ಹಾಕಿಸುವವರು ಒಂದರಿಂದ ಮುಗಿಸಬೇಡಿ. ನಾಲ್ಕು ತಿಂಗಳಿಗೆ ಸಡಿಲ ನೋಡಿ ಯಾವುದನ್ನು ಉಳಿಸಿಕೊಳ್ಳಬೇಕು ಅಂತ ತೀರ್ಮಾನಿಸಿ. ಎರಡು ವರ್ಷಕ್ಕೆ ಆಕಾರದ ಸರ್ಟಿಫಿಕೇಟ್ ತೆಗೆಸಿ. ಕೆಟ್ಟ ಫಲಿತಾಂಶ ಬಂದ ನಾಯಿಯನ್ನು ಸಾಲಿನಿಂದ ಕೈಬಿಡುವ ಮನಸ್ಸಿಲ್ಲದಿದ್ದರೆ ಯಾವ ಪರೀಕ್ಷೆಯೂ ಬೇಡ.

ನಾಲ್ಕು ವರ್ಷದ ನಾಯಿಯನ್ನು ದತ್ತು ತಂದವರಿಗೆ ಪೆನ್‌ಹಿಪ್ ಹುಡುಕುವ ಕೆಲಸವಿಲ್ಲ. ನಡಿಗೆ ಚೆನ್ನಾಗಿದ್ದರೆ ತೂಕ ನೋಡಿಕೊಳ್ಳಿ, ಸಾಕು. ಏಳುವಾಗ ಒದ್ದಾಡುತ್ತಿದ್ದರೆ ಮಂಪರಿನಲ್ಲಿ ಒಂದು ಒಳ್ಳೆಯ ಎಕ್ಸ್‌ರೇ ತೆಗೆಸಿ. ನೋವಿನ ಔಷಧಿ ಯಾವುದು, ಎಷ್ಟು ದಿನ ಅಂತ ವೈದ್ಯರು ಹೇಳಬೇಕು. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆ ನಾಯಿಗೆ ವಿಷವಾಗಬಹುದು. ಫಾರ್ಮಸಿಯವರು ಹೇಳಿದರೂ ಕೊಡಬೇಡಿ.